ಪ್ರಾಸರಾಯನ ಬಲಗಾಲು

ಮಾರ್ಚ್ ೧

ಪ್ರಾಸರಾಯನಿಗೆ ಅಕ್ಕನ ಆಶೀರ್ವಾದ.

ಈ ಹೊತ್ತಿಗೆ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು ಮನೆ ಸೇರಿರುತ್ತೀಯ. ಮೊನ್ನೆ ನಿನ್ನ ಹೆಂಡತಿ ಫೋನು ಮಾಡಿದ್ದಳು. ಅವಳು ಏನೋ ಹೇಳಿದಳು, ನಾನು ಏನೋ ಕೇಳಿಸಿಕೊಂಡೆ, ಇಬ್ಬರೂ "ಹೂಂ, ಹೂಂ" ಅಂದು ಇಟ್ಟುಬಿಟ್ಟೆವು. ಹೋಟೆಲಿನ ಲಾಂಡ್ರಿಯಲ್ಲಿ ಒಗೆಯುವ ಮಿಷಿನುಗಳ ಪಕ್ಕ ನಿಂತೂ ನಿಂತೂ ಕಿವಿ ಇಷ್ಟಕ್ಕೆ ಬಂದಿದೆ. ಮೆಸೇಜು ಕಳಿಸು ಅನ್ನಬೇಡ. ಆ ಗಾಜಿನ ಮೇಲೆ ನಾನು ಒಂದು ಅಕ್ಷರ ಒತ್ತಿದರೆ ಅದು ಇನ್ನೊಂದು ಬರೆಯುತ್ತದೆ. ನಮ್ಮಿಬ್ಬರಿಗೆ ಕಾಗದವೇ ಸರಿ.

ಈಗ ವಿಷಯ. ನಮ್ಮ ಲಾಂಡ್ರಿಯಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ. ಅವಳಿಗೂ ನಿನ್ನ ಹಾಗೇ, ಸೊಂಟದಿಂದ ಬಲಗಾಲಿನ ಹೆಬ್ಬೆರಳಿನವರೆಗೆ ಎಳೆತ. ಅವಳ ಡಾಕ್ಟರೂ ನರಕ್ಕೆ ಇದೇ ಇಂಜೆಕ್ಷನ್ ಹಾಕೋಣ ಅಂದಿದ್ದಾರೆ. ಈ ತಿಂಗಳ ಇಪ್ಪತ್ತೆಂಟಕ್ಕೆ ತಾರೀಖು ಕೊಟ್ಟಿದ್ದಾರೆ. ಅವಳಿಗೆ ಭಯ. "ನಿನ್ನ ತಮ್ಮ ಏನಂತಾನೆ ನೋಡಿ ತೀರ್ಮಾನ ಮಾಡುತ್ತೇನೆ" ಅಂತ ಕೂತಿದ್ದಾಳೆ. ಕೂತಿದ್ದಾಳೆ ಅಂದರೆ ಮಾತಿಗೆ. ಅವಳಿಗೆ ಕೂರಲಿಕ್ಕೇ ಆಗುವುದಿಲ್ಲ. ಆದ್ದರಿಂದ ನಿನಗೆ ಹೇಗಾಗಿದೆಯೋ ಹಾಗೇ ಬರೆ. ಬಣ್ಣ ಹಚ್ಚಬೇಡ. ಒಬ್ಬ ಹೆಂಗಸಿನ ಕಾಲು ನಿನ್ನ ಮಾತಿನ ಮೇಲೆ ನಿಂತಿದೆ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತು ಬರೆಯುವಷ್ಟು ಪುರುಸೊತ್ತಿಲ್ಲ.

ನಿನ್ನ ಅಕ್ಕ


ಮಾರ್ಚ್ ೫

ಅಕ್ಕಾ,

ನಿನ್ನ ಗೆಳತಿಗೆ ಮೊದಲು ಧೈರ್ಯ ಹೇಳು. ಸೂಜಿ ಅಂದರೆ ಸೂಜಿಯೇ, ನಾವು ದರ್ಜಿಗಳು ದಿನಾ ಹಲ್ಲಿನಲ್ಲಿ ಕಚ್ಚಿಕೊಳ್ಳುವುದಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ನನ್ನನ್ನು ಬೋರಲು ಮಲಗಿಸಿದರು. ಪಕ್ಕದಲ್ಲಿ ಟಿವಿಯಂಥ ಪೆಟ್ಟಿಗೆ, ಅದರಲ್ಲಿ ನನ್ನದೇ ಬೆನ್ನುಮೂಳೆ. ಬಿ.ಎ. ಓದಿ ಪ್ಯಾಂಟು ಹೊಲಿದ ನಲವತ್ತೈದರ ಬೆನ್ನು, ನೋಡಲು ಏನೂ ಚೆನ್ನಾಗಿಲ್ಲ. ಸೂಜಿ ಒಳಗೆ ಹೋಗಿ ಆ ನರದ ಹತ್ತಿರ ತಲುಪಿದಾಗ ಕಾಲಿನುದ್ದಕ್ಕೂ ಹಳೆಯ ನೋವು ಝಲ್ಲೆಂದಿತು. ಡಾಕ್ಟರು ಕೇಳಿದರು: "ನಿಮ್ಮ ನೋವು ಇದೇನಾ?" ರೈಲ್ವೆ ಸ್ಟೇಷನ್ನಿನಲ್ಲಿ ಕಳೆದುಹೋದ ಸೂಟ್‌ಕೇಸು ಗುರುತಿಸುವವನ ಹಾಗೆ ನಾನಂದೆ: "ಇದೇ ಸಾರ್, ನಮ್ಮದೇ." ಅವರು ಔಷಧಿ ಬಿಟ್ಟರು. ಆಮೇಲೆ ಏನೇನೋ ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇದು ಹೊಳೆದಿತ್ತು:

ಸೂಜಿಯ ಮೊನೆಗೆ ನೋವು ಹೊರಟಿತು ಮನೆಗೆ,
ಹೋಗುವಾಗ ಕಾಲನ್ನೂ ಒಯ್ದಿತು ಕೊನೆಗೆ.

ನಿಜಕ್ಕೂ ಒಯ್ದಿತು. ಮನೆಗೆ ಬಂದು ಇಳಿದರೆ ಬಲಗಾಲು ಯಾರೋ ಬಾಡಿಗೆಗೆ ಕೊಟ್ಟದ್ದರ ಹಾಗಿತ್ತು. ಚಪ್ಪಲಿ ಬಿಟ್ಟೆನೋ ಇನ್ನೂ ಹಾಕಿಕೊಂಡಿದ್ದೇನೋ ಅಂತ ಬಗ್ಗಿ ನೋಡಬೇಕಾಯಿತು. ಬಗ್ಗಿದೆ ನೋಡು! ನೋವಿಲ್ಲ. ಎದ್ದೆ, ನೋವಿಲ್ಲ. ಎರಡು ವರ್ಷದಿಂದ ನನ್ನ ಜೊತೆಗಿದ್ದದ್ದು ಹೇಳದೆ ಕೇಳದೆ ಹೋದರೆ ಹೇಗಾಗಬೇಡ? ಮಂಚದ ಮೇಲೆ ಕೂತು ತೊಡೆ ಒತ್ತಿ ಒತ್ತಿ ಹುಡುಕಿದೆ. ಹೆಂಡತಿ ನೋಡಿ, "ಏನು ಕಳಕೊಂಡ್ರಿ?" ಅಂದಳು. "ನೋವು ಕಣೇ" ಅಂದೆ. "ಸಿಕ್ಕಿದರೆ ನನಗೆ ಹೇಳಬೇಡಿ" ಅಂದು ಒಳಗೆ ಹೋದಳು.

ಈಗ ಎಲ್ಲಾ ಸರಿಯಾಗಿದೆ. ಸುಮ್ಮನೆ ಇರಲಿ ಅಂತ ಅವಳು ಆಗಾಗ ಐಸಿನ ಚೀಲ ಇಡುತ್ತಾಳೆ, ನಾನೂ ಸುಮ್ಮನೆ ಇರಲಿ ಅಂತ ಇಡಿಸಿಕೊಳ್ಳುತ್ತೇನೆ.

ಬೆನ್ನಿಗೆ ಐಸು, ಬೆಡ್‌ಶೀಟು ನೈಸು,
ಇನ್ನೇನು ಬೇಡೀತು ಈ ವಯಸು?

ಮೇಲಿನ ಸಾಲು ಇದ್ದಕ್ಕಿದ್ದಂತೆ ಹಾರಿ ಗೀಟಾಗಿದೆಯಲ್ಲ, ಅದು ಪೆನ್ನಿನ ತಪ್ಪು.

ನಿನ್ನ ತಮ್ಮ


ಮಾರ್ಚ್ ೧೦

ತಮ್ಮಾ,

ಪತ್ರ ಬಂತು. ಮೂರು ಸಲ ಓದಿದೆ. ಗೆಳತಿಗೆ ಓದಿ ಹೇಳಲಿಲ್ಲ.

ನಾನು ಕೇಳಿದ್ದು ಕಥೆಯಲ್ಲ, ವರದಿ. ಇಂಜೆಕ್ಷನ್ ಆದ ದಿನದ ಸಂಜೆ ಚೆನ್ನಾಗಿತ್ತು ಅಂತ ಬರೆದಿದ್ದೀಯ, ಸರಿ. ಮಾರನೇ ದಿನ? ಅದರ ಮಾರನೇ ದಿನ? ಅಲ್ಲಿಂದ ನೇರ "ಈಗ ಎಲ್ಲಾ ಸರಿಯಾಗಿದೆ" ಅಂತ ಹಾರಿದ್ದೀಯ. ನಡುವೆ ಏನಾಯಿತು? ಸುಮ್ಮನೆ ಇರಲಿ ಅಂತ ಯಾರೂ ಬೆನ್ನಿಗೆ ಐಸು ಇಡುವುದಿಲ್ಲ.

ಗೆಳತಿ ಕೇಳಬೇಕು ಅಂತಿರುವುದು ಇಷ್ಟು. ಮೆಟ್ಟಿಲು ಇಳಿಯುವಾಗ ಕಾಲು ಭಾರ ತಡೆಯುತ್ತದಾ? ಊಟಕ್ಕೆ ಕೂತರೆ ಊಟ ಮುಗಿಯುವವರೆಗೆ ಕೂರಬಹುದಾ? ಬೆಳಿಗ್ಗೆ ಚಪ್ಪಲಿಯ ಪಟ್ಟಿ ಹಾಕಲು ಕಾಲು ಎತ್ತುವಾಗ ಅವಳು ಬಾಗಿಲ ಪಕ್ಕದ ಗೋಡೆಗೆ ಹಣೆ ಆನಿಸಿ, ಉಸಿರು ಬಿಗಿಹಿಡಿದು, ಆಮೇಲೆ ಎತ್ತುತ್ತಾಳೆ. ಗೋಡೆಯ ಮೇಲೆ ಅಷ್ಟು ಜಾಗ ಎಣ್ಣೆ ಹತ್ತಿ ಕಪ್ಪಾಗಿದೆ. ಆ ಗೋಡೆ ಇಲ್ಲದೆ ಚಪ್ಪಲಿ ಹಾಕಬಹುದಾ ಅಂತ ಅವಳ ಪ್ರಶ್ನೆ. ಮತ್ತೆ, ಆಸ್ಪತ್ರೆಯಿಂದ ಮನೆಗೆ ಕರಕೊಂಡು ಹೋಗಲು ಒಬ್ಬರು ಇರಲೇಬೇಕಾ? ಆಟೋ ಹತ್ತಿಸಿ ಕಳಿಸಿದರೆ ಸಾಲದಾ?

ತಮಾಷೆ ಬಿಟ್ಟು ಬರೆ. ಮೇಲಿನವರು ಅವಳಿಗೆ ಬೆಡ್‌ಶೀಟು ಮಡಿಸುವ ಕೆಲಸ ತಪ್ಪಿಸಿ ಗುಂಡಿ ಹೊಲಿಯುವ ಕೆಲಸಕ್ಕೆ ಹಾಕುತ್ತೇವೆ ಅಂತಿದ್ದಾರೆ. ಅದು ಕೂತು ಮಾಡುವ ಕೆಲಸ. ಅವರಿಗೆ ಅದು ಉಪಕಾರ ಅಂತ ಅನಿಸಿದೆ.

ಅಕ್ಕ


ಮಾರ್ಚ್ ೧೪

ಅಕ್ಕಾ,

ಎಂಥಾ ಅನುಮಾನದ ಹೆಂಗಸು ನಿನ್ನ ಗೆಳತಿ! ಪೊಲೀಸು ಇಲಾಖೆಯಲ್ಲಿ ಇರಬೇಕಾದವಳು ಲಾಂಡ್ರಿಯಲ್ಲಿ ಯಾಕಿದ್ದಾಳೆ? ಹೇಳು ಅವಳಿಗೆ, ಮೆಟ್ಟಿಲು ಇಳಿದೆ, ಹತ್ತಿದೆ, ಕೆಲಸವಿಲ್ಲದೆ ಮತ್ತೆ ಇಳಿದೆ. ಬೆಳಿಗ್ಗೆ ಎದ್ದು ಅರ್ಧ ಮನೆ ಓಡಾಡಿದ ಮೇಲೆ ನೆನಪಾಗುತ್ತದೆ, ಅಯ್ಯೋ, ಇವತ್ತು ಕುಂಟಲು ಮರೆತೆ ಅಂತ. ನೆನಪಾದ ತಕ್ಷಣ ನಾಲ್ಕು ಹೆಜ್ಜೆ ಕುಂಟುತ್ತೇನೆ, ಅಭ್ಯಾಸಬಲ. ಹೆಂಡತಿ ಕೇಳುತ್ತಾಳೆ: "ಯಾರಿಗೆ ತೋರಿಸಲಿಕ್ಕೆ?"

ಹರುಷದ ಕಾಲು, ಕುಂಟುವ ಬಾಳು,
ಎರಡರ ನಡುವೆ ನನ್ನದು ಗೋಳು.

ಆದರೆ ಒಂದು ವಿಚಿತ್ರ ಆಗಿದೆ. ಸೋಮವಾರ ಅಂಗಡಿ ತೆಗೆದೆ. ಬ್ಯಾಂಡಿನವರ ಯೂನಿಫಾರಂ ಆರ್ಡರು, ಬ್ಯಾಂಡ್ ಮಾಸ್ಟರನದ್ದೇ ಮೊದಲ ಪ್ಯಾಂಟು. ಕೆಂಪು ಬಟ್ಟೆ, ಪಕ್ಕಕ್ಕೆ ಚಿನ್ನದ ಬಣ್ಣದ ಪಟ್ಟಿ. ಕತ್ತರಿ ಹಿಡಿದು ಜಂ ಅಂತ ನಿಂತು ಕತ್ತರಿಸಿದೆ, ಹೊಲಿದೆ. ಅವನು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ:

ಎಡಗಾಲು ಗಿಡ್ಡ, ಬಲಗಾಲು ಉದ್ದ,
ಪ್ಯಾಂಟಿನೊಳಗೇ ನಡೆಯಿತು ಯುದ್ಧ!

ಅವನು ನನ್ನನ್ನು ನೋಡಿದ, ನಾನು ಕತ್ತರಿಯನ್ನು ನೋಡಿದೆ. "ಮಾಸ್ಟ್ರೇ, ಒಂದು ಕಡೆ ವಾಲಿ ನಿಂತಿದ್ದೀರಾ?" ಅಂದೆ. "ಸ್ವಾಮಿ, ನಾನು ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸುವವನು" ಅಂದ. ಎರಡನೇ ಪ್ಯಾಂಟೂ ಹಾಗೇ. ಮೂರನೆಯದೂ. ಅಳತೆ ಸರಿ, ಗೀಟು ಸರಿ, ಕತ್ತರಿ ಮಾತ್ರ ಗೀಟು ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಕೈಗೆ ಏನಾಗಿದೆ ಗೊತ್ತಾಗುತ್ತಿಲ್ಲ. ಕಾಲಿಗೆ ಹಾಕಿದ ಇಂಜೆಕ್ಷನ್ ದಾರಿ ತಪ್ಪಿ ಕೈಗೆ ಹೋಗಿರಬಹುದಾ? ನಗಬೇಡ, ನಾನು ಒಂದು ಕ್ಷಣ ನಿಜಕ್ಕೂ ಹಾಗೇ ಅಂದುಕೊಂಡೆ.

ಕತ್ತರಿ ಓರೆ, ಮೋರೆಯೂ ಓರೆ,
ಗಿರಾಕಿ ಹಿಡಿದರೆ ಯಾರು ನನಗಾಸರೆ?

ನಿನ್ನ ಗೆಳತಿಗೆ ಹೇಳು, ಕಾಲು ಫಸ್ಟ್ ಕ್ಲಾಸ್. ಕೈ ಬೇಕಾದವರು ಮಾತ್ರ ಯೋಚನೆ ಮಾಡಲಿ!

ನಿನ್ನ ತಮ್ಮ


ಮಾರ್ಚ್ ೧೮

ತಮ್ಮಾ,

ಗೆಳತಿ ಇಪ್ಪತ್ತೆಂಟರ ತಾರೀಖು ಬೇಡ ಅಂತ ಆಸ್ಪತ್ರೆಗೆ ಹೋಗಿ ಹೇಳಿಬಂದಳು. ಗುಂಡಿ ಹೊಲಿಯುವ ಕೆಲಸಕ್ಕೆ ಒಪ್ಪಿಕೊಂಡಿದ್ದಾಳೆ. ಕುರ್ಚಿಯ ಮೇಲೆ ದಿಂಬು ಇಟ್ಟುಕೊಂಡು ನೋಡುತ್ತಾಳಂತೆ. ಒಂದು ಮುಗಿಯಿತು.

ಈಗ ನಿನ್ನ ವಿಷಯ. ನೀನು ನನ್ನ ಹತ್ತಿರ ಮುಚ್ಚಿಡಬೇಡ. ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ನೀನು ಪ್ರಾಸ ಕಟ್ಟುವುದು ನೋವಾದಾಗ. ಚಿಕ್ಕವನಿದ್ದಾಗ ಕಾಂಪೌಂಡಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆಯಲ್ಲ, ಕಂಪೌಂಡರು ಕೈ ಎಳೆದು ಕಟ್ಟು ಕಟ್ಟುವಾಗ "ಮೂಳೆ, ನಾಳೆ, ಬಾಳೆ, ತಾಳೆ" ಅಂತ ಒಂದೇ ಸಮ ಹೇಳುತ್ತಿದ್ದೆ. ಕಣ್ಣಲ್ಲಿ ನೀರು, ಬಾಯಲ್ಲಿ ತಾಳೆ. ಅಮ್ಮ ಹೋದ ದಿನ ಬಂದವರ ಹತ್ತಿರವೆಲ್ಲ ಪ್ರಾಸದಲ್ಲೇ ಮಾತಾಡಿದೆ. ಜನ, ಈ ಹುಡುಗನಿಗೆ ತಲೆ ಕೆಟ್ಟಿದೆ ಅಂದರು. ನಾನು ನಿನ್ನನ್ನು ಒಳಗಿನ ಕೋಣೆಗೆ ಕರಕೊಂಡು ಹೋಗಿ ಬಾಗಿಲು ಹಾಕಿದೆ. ಆದರೆ ನಿನ್ನ ಮದುವೆಯ ದಿನ? ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಒಂದು ಪ್ರಾಸ ಇಲ್ಲ, ಬರೀ ಹಲ್ಲು ಬಿಟ್ಟುಕೊಂಡು ಓಡಾಡಿದೆ. ಅಂದಿನಿಂದ ನಾನು ನಿನ್ನ ಪತ್ರ ಓದುವುದೇ ಹೀಗೆ. ಏನು ಬರೆದಿದ್ದೀಯ ಅಂತ ಆಮೇಲೆ ನೋಡುತ್ತೇನೆ, ಎಷ್ಟು ಪ್ರಾಸ ಅಂತ ಮೊದಲು ನೋಡುತ್ತೇನೆ.

ಮೊದಲ ಪತ್ರದಲ್ಲಿ ಇತ್ತು, ಹಾಗಾಗಿ ಕೇಳಿದೆ. ಈ ಸಲದ್ದನ್ನು ನೋಡಿ ಲೆಕ್ಕ ಇಡುವುದನ್ನೇ ಬಿಟ್ಟೆ. ಕೈಗೂ ಬಂತು ಅಂತ ನೀನೇ ನಗುತ್ತಾ ಬರೆದಿದ್ದೀಯ. ದರ್ಜಿಗೆ ಕೈ ಹೋದ ಮೇಲೆ ಇನ್ನೇನು ಉಳಿಯಿತು? ಅಷ್ಟು ನೋವಿನಲ್ಲಿ ಅಂಗಡಿ ಯಾಕೆ ತೆಗೆದೆ? ತಕ್ಷಣ ಡಾಕ್ಟರ ಹತ್ತಿರ ಹೋಗು.

ನಿನ್ನನ್ನು ಬೈಯಬೇಕು ಅಂತ ಇತ್ತು. ಆಗುತ್ತಿಲ್ಲ.

ಅಕ್ಕ


ಮಾರ್ಚ್ ೨೨

ಅಕ್ಕಾ,

ನಿನ್ನ ಪತ್ರ ಓದಿ ಕೋಣೆಯಲ್ಲಿ ಶತಪಥ ಹಾಕಿದೆ. ಹಾಗಾದರೆ ನನಗೆ ಈಗ ನೋವಿದೆಯೋ ಇಲ್ಲವೋ? ನನಗೆ ಗೊತ್ತಿಲ್ಲದೆ ನನ್ನೊಳಗೆ ಒಂದು ಥರ್ಮಾಮೀಟರು ಇದೆ, ಅದನ್ನು ನೀನು ಅಲ್ಲಿಂದ ಓದುತ್ತೀಯ, ನನಗೆ ಮಾತ್ರ ಕಾಣುವುದಿಲ್ಲ ಅಂದರೆ ನಾನು ಏನು ಮಾಡಲಿ? ಕಾಲು ಒತ್ತಿ ನೋಡಿದೆ. ಇಲ್ಲ. ಆದರೆ ನೀನು ಇದೆ ಅಂತೀಯ. ನೀನು ಹೇಳಿದರೆ ಇರಬಹುದು ಅಂತ ಮತ್ತೆ ಒತ್ತಿದೆ. ಹೆಂಡತಿ ಅಂದಳು: "ಕಾಲನ್ನು ಕೇಳಿ, ಪತ್ರವನ್ನು ಕೇಳಬೇಡಿ."

ಆಮೇಲೆ ಅವಳೇ ನಿನ್ನ ಹತ್ತನೇ ತಾರೀಖಿನ ಪತ್ರ ತೆಗೆದು ಓದಿದಳು. ಚಪ್ಪಲಿಯ ಜಾಗಕ್ಕೆ ಬಂದಾಗ ನಿಲ್ಲಿಸಿದಳು. "ಗೋಡೆಗೆ ಹಣೆ ಆನಿಸುವುದನ್ನು ಯಾರಾದರೂ ಗೆಳತಿಗೆ ಹೇಳುತ್ತಾರಾ? ನೀವು ಅದನ್ನೇ ಎರಡು ವರ್ಷ ಮಾಡಿದಿರಿ. ನನಗೆ ಹೇಳಿದಿರಾ? ನಾನೇ ಗೋಡೆಯ ಕಲೆ ನೋಡಿ ತಿಳಿದುಕೊಂಡೆ." ನಮ್ಮ ಬಾಗಿಲ ಹತ್ತಿರವೂ ಒಂದು ಕಲೆ ಇದೆ ಅಕ್ಕಾ. ನನ್ನ ಹಣೆಯ ಎತ್ತರಕ್ಕೆ.

ನಿನ್ನ ಗೆಳತಿ ಯಾರು ಅಂತ ನಾನು ಕೇಳುವುದಿಲ್ಲ. ಅವಳಿಗೆ ಇದನ್ನು ಹೇಳು. ಈ ಸಲ ತಮಾಷೆ ಇಲ್ಲ, ಪ್ರಾಸ ಬಂದರೆ ಹೊಡೆದುಹಾಕುತ್ತೇನೆ.

ಮೊದಲ ಸಂಜೆ ನೋವಿರಲಿಲ್ಲ, ಕಾಲು ಮರಗಟ್ಟಿತ್ತು, ಹೆಂಡತಿಯ ಹೆಗಲು ಹಿಡಿದು ಬಚ್ಚಲಿಗೆ ಹೋದೆ. ಎರಡನೇ ದಿನ ನೋವು ತಿರುಗಿ ಬಂತು. ಮೊದಲಿಗಿಂತ ಜಾಸ್ತಿ. ಮೂರನೇ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿ, ಮೋಸ ಹೋದೆ ಅಂದುಕೊಂಡೆ. ನಿನಗೆ ಆ ಐಸಿನ ಪತ್ರ ಬರೆದದ್ದು ಆಗಿನ್ನೂ ನೋವಿರುವಾಗಲೇ. ಪೆನ್ನಿನ ತಪ್ಪಲ್ಲ ಅದು. ನೀನು ಸರಿಯಾಗಿಯೇ ಓದಿದೆ. ಹೆದರಿ ಡಾಕ್ಟರಿಗೆ ಫೋನು ಮಾಡಿದರೆ ಅವರು, "ಅವತ್ತೇ ಹೇಳಿದ್ದೆನಲ್ಲ, ನೀವು ತಲೆ ಆಡಿಸಿದಿರಿ" ಅಂದರು. ಇಂಜೆಕ್ಷನ್ನಿನಲ್ಲಿ ಎರಡು ಔಷಧಿ ಇರುತ್ತದಂತೆ. ಒಂದು ಕೂಡಲೇ ಮರಗಟ್ಟಿಸುತ್ತದೆ, ಕೂಡಲೇ ಇಳಿಯುತ್ತದೆ. ಇನ್ನೊಂದು ಬಾವು ಇಳಿಸುವುದು, ಅದು ನಿಧಾನ. ಮೊದಲನೆಯದು ಹೋಗಿ ಎರಡನೆಯದು ಬರುವವರೆಗೆ ನಡುವಿನ ದಿನಗಳು ಕೆಟ್ಟವು. ಅವರು ಇದನ್ನು ಹೇಳುವಾಗ ನಾನು ಮೊನೆಗೆ-ಮನೆಗೆ ಹುಡುಕುತ್ತಿದ್ದೆ.

ಒಂದು ವಾರ ಕಳೆದ ಮೇಲೆ, ಯಾವ ಹೊತ್ತಿಗೆ ಅಂತ ಹೇಳಲಾರೆ, ನೋವು ಕಡಿಮೆಯಾಯಿತು. ಬಂದದ್ದು ಗೊತ್ತಾದ ಹಾಗೆ ಹೋದದ್ದು ಗೊತ್ತಾಗಲಿಲ್ಲ. ಹದಿನಾಲ್ಕರ ಪತ್ರ ಬರೆಯುವಾಗ ನೋವಿರಲಿಲ್ಲ. ನಿಜವಾಗಿ ಇರಲಿಲ್ಲ. ಆದರೂ ಪ್ರಾಸ ಬಂತು. ಯಾಕೆ ಅಂತ ನನ್ನನ್ನು ಕೇಳಬೇಡ. ಎರಡು ವರ್ಷ ನನ್ನ ಜೊತೆ ಎದ್ದು ಮಲಗಿದ ನೋವು ಇಲ್ಲದಿರುವುದೂ ಒಂದು ಥರ ನೋವೇ ಇರಬಹುದು, ಅಥವಾ ಸಂತೋಷವಿರಬಹುದು. ನನಗೆ ವಿಂಗಡಿಸಲು ಬರುತ್ತಿಲ್ಲ.

ಕೈಗೆ ಏನೂ ಆಗಿಲ್ಲ. ಇದನ್ನೂ ಹೆಂಡತಿಯೇ ಕಂಡುಹಿಡಿದಳು. ಗುಂಡಿಗೆ ಕಾಜ ಮಾಡುತ್ತಾ ಕೂತವಳು ತಲೆ ಎತ್ತಿ ನೋಡಿ, "ನೀವು ಮೊದಲು ಎಡಕ್ಕೆ ವಾಲಿ ಕತ್ತರಿಸುತ್ತಿದ್ದಿರಿ" ಅಂದಳು. ಹೌದು. ಬಲಗಾಲಿಗೆ ಭಾರ ಬೀಳಬಾರದು ಅಂತ ಎರಡು ವರ್ಷ ಎಡಕ್ಕೆ ವಾಲಿದ್ದೆ. ಸೊಟ್ಟಗಿರುವ ಮೈಯಿಂದ ನೆಟ್ಟಗೆ ಕತ್ತರಿಸಲು ಕೈ ಕಲಿತಿತ್ತು. ಈಗ ಮೈ ನೆಟ್ಟಗಾಗಿದೆ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಹಳೇ ದಿನಪತ್ರಿಕೆಗಳನ್ನು ಕತ್ತರಿಸಿ ರೂಢಿ ಮಾಡುತ್ತಿದ್ದೇನೆ. ಬ್ಯಾಂಡ್ ಮಾಸ್ಟರನಿಗೆ ಹೊಸ ಬಟ್ಟೆ ತಂದುಕೊಟ್ಟೆ. ಅವನು, "ಈ ಸಲ ಎರಡೂ ಕಾಲು ಒಂದೇ ತಾಳಕ್ಕೆ ಬರಲಿ" ಅಂದ.

ಇದು ನನ್ನ ಕಾಲಿನ ಕಥೆ. ನಿನ್ನ ಗೆಳತಿಯ ಕಾಲು ಬೇರೆ, ಅವಳಿಗೆ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ನನಗೇ ಇದು ಎಷ್ಟು ತಿಂಗಳು ತಡೆಯುತ್ತದೋ ಡಾಕ್ಟರೂ ಹೇಳಿಲ್ಲ. ಆದರೆ ಗೋಡೆ ಇಲ್ಲದೆ ಚಪ್ಪಲಿ ಹಾಕುತ್ತಿದ್ದೇನೆ. ಇಷ್ಟು ಮಾತ್ರ ಗೊತ್ತು.

ಮತ್ತೆ ಆಟೋ ಹತ್ತಿಸಿ ಕಳಿಸಿದರೆ ಸಾಲದು. ಮನೆಗೆ ಕರಕೊಂಡು ಹೋಗಲು ಒಬ್ಬರು ಇರಲೇಬೇಕು. ಆಸ್ಪತ್ರೆಗೆ ಹೋಗಿ ಇನ್ನೊಂದು ತಾರೀಖು ಕೇಳು ಅಂತ ಹೇಳು. ಅವಳಿಗೆ ಯಾರೂ ಇಲ್ಲದಿದ್ದರೆ ನಾನು ಬರುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ನಿಮ್ಮಲ್ಲಿ ಇಳಿಯುತ್ತೇನೆ. ಎರಡು ವರ್ಷದಿಂದ ಅಕ್ಕನನ್ನು ನೋಡಲು ಬಾರದವನು ದಾರಿಯುದ್ದಕ್ಕೂ ಕೂತು ಬರುತ್ತೇನೆ. ಪತ್ರ ನಂಬದಿದ್ದರೆ ಬಸ್ ಸ್ಟ್ಯಾಂಡಿಗೆ ಬಂದು ನಾನು ಇಳಿಯುವುದನ್ನು ನೋಡು.

ತಮ್ಮ


ಮಾರ್ಚ್ ೨೭

ತಮ್ಮಾ,

ಗೆಳತಿಗೆ ಏಪ್ರಿಲ್ ಎರಡಕ್ಕೆ ತಾರೀಖು ಸಿಕ್ಕಿದೆ. ಯಾರೂ ಬರುವುದು ಬೇಡ, ತಾನೇ ನಿಭಾಯಿಸುತ್ತೇನೆ ಅಂತಾಳೆ.

ಅದಿರಲಿ. ನಮ್ಮ ಮನೆಯ ಪರದೆಗಳು ಹಳತಾಗಿವೆ. ಅಳತೆ ತೆಗೆಯಲು ಒಬ್ಬ ದರ್ಜಿ ಬೇಕು. ಒಂದನೇ ತಾರೀಖು ಸಂಜೆಯ ಬಸ್ಸಿಗೆ ಬಂದರೆ ಅನುಕೂಲ. ಟೇಪು ತರಲು ಮರೆಯಬೇಡ, ನನ್ನ ಹತ್ತಿರ ಇಲ್ಲ.

ಅಕ್ಕ


ಏಪ್ರಿಲ್ ೯

ಪ್ರಾಸರಾಯಾ,

ನೀನು ಊರು ಮುಟ್ಟಿದ ಸುದ್ದಿ ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ನನಗೆ ಕೇಳಿಸಲಿಲ್ಲ, ಆದರೆ ನಗುತ್ತಿದ್ದಳು. ಅಷ್ಟು ಸಾಕಾಯಿತು.

ಬಸ್ಸಿನಿಂದ ನೀನು ಇಳಿಯುವುದನ್ನು ನಾನು ಕಂಬದ ಹಿಂದೆ ನಿಂತು ನೋಡಿದೆ. ನಿನಗೆ ಹೇಳಿರಲಿಲ್ಲ. ಬಲಗಾಲು ಮೊದಲು ಇಟ್ಟೆ. ಆಮೇಲೆ ನಾನು ಈಚೆ ಬಂದದ್ದು. ಮಾರನೇ ದಿನ ಆಸ್ಪತ್ರೆಯ ಕಾಗದದಲ್ಲಿ ನಾನು ನನ್ನ ಹೆಸರು ಬರೆಯುವಾಗ ನೀನು ಪಕ್ಕಕ್ಕೆ ತಿರುಗಿ ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತೆಯಲ್ಲ. ಆ ಗಡಿಯಾರ ನಿಂತುಹೋಗಿತ್ತು ಕಣೋ.

ನೀನು ಹೇಳಿದ ಹಾಗೇ ಆಯಿತು. ಸಂಜೆ ಕಾಲು ಬೇರೆಯವರದ್ದು. ನೀನು ಬಸ್ಸು ಹತ್ತಿದ ಮಾರನೇ ದಿನ ನೋವು ಬಂತು, ಜೋರಾಗಿ. ನೀನು ಬರೆದಿರದಿದ್ದರೆ ನಾನೂ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ನಡುವಿನ ದಿನ, ನಡುವಿನ ದಿನ ಅಂತ ಹೇಳಿಕೊಂಡೆ. ಇವತ್ತು ಏನು ಅಂತ ಗೊತ್ತಾಗುತ್ತಿಲ್ಲ. ನೋವಿದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಬೆಳಿಗ್ಗೆ ಚಪ್ಪಲಿ ಹಾಕುವಾಗ ಗೋಡೆಗೆ ಹಣೆ ಆನಿಸಿದೆ. ಬೇಕಾಗಿತ್ತೋ, ಅಭ್ಯಾಸವೋ ತಿಳಿಯಲಿಲ್ಲ. ನಾಳೆ ಆನಿಸದೆ ನೋಡುತ್ತೇನೆ.

ಮತ್ತೆ ಒಂದು ಎಡವಟ್ಟಾಗಿದೆ. ಹುಟ್ಟಿದಾಗಿನಿಂದ ನನಗೆ ಒಂದು ಪ್ರಾಸ ಬಂದಿಲ್ಲ, ನಿನಗೆ ಗೊತ್ತು. ಮಧ್ಯಾಹ್ನ ಕಿಟಕಿ ನೋಡುತ್ತಿದ್ದವಳಿಗೆ ತಾನಾಗಿ ಬಂತು:

ತಮ್ಮ ಬಂದ, ಟೇಪು ತಂದ,
ಪರದೆಯ ಮಾತಿಗೆ "ಆಮೇಲೆ" ಅಂದ.

ಇದು ಯಾವ ಲೆಕ್ಕಕ್ಕೆ ಸೇರಿತು, ನೋವಿಗೋ, ಇನ್ನೊಂದಕ್ಕೋ? ಇಷ್ಟು ವರ್ಷ ನಿನ್ನದನ್ನು ಪಟಪಟನೆ ಓದಿದವಳು ನನ್ನದೊಂದನ್ನು ಓದಲಾಗದೆ ಒದ್ದಾಡುತ್ತಿದ್ದೇನೆ. ನೀನೇ ಓದಿ ಹೇಳು. ಟೇಪು ಇಲ್ಲೇ ಬಿಟ್ಟು ಹೋಗಿದ್ದೀಯ, ಪರದೆ ಇನ್ನೂ ಅಳೆದಿಲ್ಲ.

ಅಕ್ಷರ ಈ ಸಲ ನೆಟ್ಟಗಿದೆ ಅಂತ ನೀನು ಆಗಲೇ ಗಮನಿಸಿರಬೇಕು. ಮೊದಲ ಪುಟ ಇಸ್ತ್ರಿ ಮೇಜಿನ ಮುಂದೆ ನಿಂತು ಶುರು ಮಾಡಿದ್ದೆ, ಅದನ್ನು ಹರಿದುಹಾಕಿದೆ. ಇದನ್ನು ಕೂತು ಬರೆದೆ.

ಅಕ್ಕ